ಸ್ಮಾರಕದ ಕೆಲಸಕ್ಕೆ ಇತಿಹಾಸಕಾರ ಯಾಕೆ ಬೇಕು: ವರ್ನ್ ಚಾಟಲೇನ್ ಹಾಕಿಕೊಟ್ಟ ದಾರಿ

ಹಳೆಯ ದೇವಸ್ಥಾನವೋ ಕೋಟೆಯೋ ದುರಸ್ತಿಗೆ ಹಣ ಮಂಜೂರಾಯಿತು ಅಂದುಕೊಳ್ಳಿ. ಮೊದಲು ಬರುವವರು ಎಂಜಿನಿಯರು. ಆಮೇಲೆ ಗುತ್ತಿಗೆದಾರರು, ಕಲ್ಲು ಕೆಲಸದವರು. ಎಲ್ಲ ಮುಗಿದು ಉದ್ಘಾಟನೆಗೆ ಇನ್ನೊಂದು ವಾರ ಇದೆ ಅನ್ನುವಾಗ ನಮ್ಮಂಥ ಇತಿಹಾಸದವರಿಗೆ ಫೋನ್ ಬರುತ್ತದೆ: "ಸರ್, ಬೋರ್ಡಿಗೆ ನಾಲ್ಕು ಸಾಲು ಬರೆದುಕೊಡಿ." ಅಷ್ಟರಲ್ಲಿ ಯಾವ ಗೋಡೆ ಇರಬೇಕು, ಯಾವುದು ಹೋಗಬೇಕು, ದಾರಿ ಎಲ್ಲಿ ಬರಬೇಕು ಅನ್ನುವುದೆಲ್ಲ ತೀರ್ಮಾನವಾಗಿ ಹೋಗಿರುತ್ತದೆ.

ಈ ಕ್ರಮ ಸರಿಯಲ್ಲ, ಇತಿಹಾಸಕಾರ ಮೊದಲ ದಿನದಿಂದಲೇ ಜೊತೆಗಿರಬೇಕು ಅಂತ ಸರ್ಕಾರದ ಒಳಗೇ ಕೂತು ಪಟ್ಟು ಹಿಡಿದವರೊಬ್ಬರ ಬಗ್ಗೆ ಇವತ್ತು ಬರೆಯುತ್ತಿದ್ದೇನೆ. ಹೆಸರು ವರ್ನ್ ಚಾಟಲೇನ್. ಅಮೆರಿಕದ ರಾಷ್ಟ್ರೀಯ ಉದ್ಯಾನ, ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಮೊದಲ ಮುಖ್ಯ ಇತಿಹಾಸಕಾರ. ಆ ಇಲಾಖೆಯಲ್ಲಿ ಅವರು ಇದ್ದದ್ದು 1931ರಿಂದ 1936ರವರೆಗೆ ಮಾತ್ರ. ಆದರೆ ಆ ಐದು ವರ್ಷದಲ್ಲಿ ಆದ ಕೆಲಸದ ಮೇಲೆಯೇ ಅಲ್ಲಿನ ಸರ್ಕಾರಿ ಸ್ಮಾರಕ ರಕ್ಷಣೆ ಇಂದಿಗೂ ನಿಂತಿದೆ.

ಅವರು ಬರುವ ಹೊತ್ತಿಗೆ ಇಲಾಖೆ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. 1916ರಲ್ಲಿ ಶುರುವಾದ ಇಲಾಖೆ ಅದು. ಅದರ ಕೈಯಲ್ಲಿದ್ದದ್ದು ಹೆಚ್ಚಾಗಿ ಪಶ್ಚಿಮದ ಬೆಟ್ಟ, ಕಾಡು, ಕಣಿವೆ, ಬಿಸಿನೀರ ಬುಗ್ಗೆ. ಹಳೆಯ ಯುದ್ಧಭೂಮಿಗಳೆಲ್ಲ ಯುದ್ಧ ಇಲಾಖೆಯ ವಶದಲ್ಲಿದ್ದವು. 1929ರಲ್ಲಿ ನಿರ್ದೇಶಕರಾದ ಹೊರೇಸ್ ಆಲ್‌ಬ್ರೈಟ್ ಅವರಿಗೆ ಇಲಾಖೆ ಪೂರ್ವದ ಕಡೆಗೂ ಬೆಳೆಯಬೇಕು ಅನ್ನುವ ಆಸೆ. ಜನ ಜಾಸ್ತಿ ಇರುವುದು ಪೂರ್ವದಲ್ಲಿ, ಇತಿಹಾಸದ ಜಾಗಗಳು ಜಾಸ್ತಿ ಇರುವುದೂ ಅಲ್ಲೇ. 1930ರಲ್ಲಿ ವರ್ಜೀನಿಯದ ಎರಡು ತಾಣ ಕೈಗೆ ಬಂದವು. ಒಂದು ಜಾರ್ಜ್ ವಾಷಿಂಗ್ಟನ್ ಹುಟ್ಟಿದ ಜಾಗ. ಇನ್ನೊಂದು ಜೇಮ್ಸ್‌ಟೌನ್ ಮತ್ತು ಯಾರ್ಕ್‌ಟೌನ್ ಸೇರಿದ ಕಲೋನಿಯಲ್ ಸ್ಮಾರಕ. ಜಾಗವೇನೋ ಬಂತು, ಅದನ್ನು ಓದಬಲ್ಲವರು ಬೇಕಲ್ಲ? ನೆಬ್ರಾಸ್ಕ ರಾಜ್ಯದ ಪೆರು ಅನ್ನುವ ಸಣ್ಣ ಊರಿನ ಶಿಕ್ಷಕರ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ಚಾಟಲೇನ್ ಅವರನ್ನು 1931ರಲ್ಲಿ ಕರೆಸಿಕೊಂಡದ್ದು ಅದಕ್ಕೇ.

ವಾಷಿಂಗ್ಟನ್ ಹುಟ್ಟಿದ ಜಾಗದ ಕತೆ ನಮ್ಮ ಕೆಲಸದವರೆಲ್ಲ ತಿಳಿದಿರಬೇಕಾದದ್ದು. ಅವರು 1732ರಲ್ಲಿ ಹುಟ್ಟಿದ ಮನೆ 1779ರ ಕ್ರಿಸ್‌ಮಸ್ ದಿನ ಸುಟ್ಟುಹೋಗಿತ್ತು. ಆ ಮನೆ ಹೇಗಿತ್ತು ಅನ್ನುವುದಕ್ಕೆ ಒಂದು ಚಿತ್ರವಿಲ್ಲ, ನಕ್ಷೆಯಿಲ್ಲ. ಆದರೂ ಭಕ್ತಿಯಿಂದ ಒಂದು ಸಂಘ ಹುಟ್ಟಿತು, ಹಣ ಕೂಡಿತು, 1930–31ರಲ್ಲಿ ಇಟ್ಟಿಗೆಯ ಚೆಂದದ ಮನೆಯೊಂದು ಎದ್ದಿತು. ಅಲ್ಲಿ ಮೊದಲೇ ನಿಂತಿದ್ದ ಗ್ರಾನೈಟ್ ಸ್ಮಾರಕ ಸ್ತಂಭವನ್ನು ಇದಕ್ಕೋಸ್ಕರ ಬೇರೆ ಕಡೆ ಸಾಗಿಸಿದರು. ಕಟ್ಟುವ ಗಡಿಬಿಡಿಯಲ್ಲೇ ಪಕ್ಕದಲ್ಲಿ ಇನ್ನೊಂದು ಅಡಿಪಾಯದ ಸುಳಿವು ಸಿಕ್ಕಿತ್ತು. 1936ರಲ್ಲಿ ಅದನ್ನು ಸರಿಯಾಗಿ ಅಗೆದು ನೋಡಿದರು. ಹೊಸ ಮನೆಗಿಂತ ದೊಡ್ಡದಾದ ಅಡಿಪಾಯ. ಅದಕ್ಕೆ 'ಬಿಲ್ಡಿಂಗ್ ಎಕ್ಸ್' ಅಂತ ಹೆಸರಿಟ್ಟರು. ಹುಟ್ಟಿದ ಮನೆ ಇದೇ ಇರಬೇಕು ಅನ್ನುವ ಅಭಿಪ್ರಾಯಕ್ಕೆ ಇಲಾಖೆ ಕೊನೆಗೆ ಬಂತು. ಇವತ್ತು ಹೋದವರಿಗೆ ಅಲ್ಲಿ ಹುಲ್ಲಿನ ಮೇಲೆ ಸಿಂಪಿ ಚಿಪ್ಪು ಹಾಸಿ ಗುರುತು ಮಾಡಿದ ಆ ಅಡಿಪಾಯದ ಅಂಚು ಕಾಣುತ್ತದೆ. ಪಕ್ಕದ ಇಟ್ಟಿಗೆ ಮನೆಗೆ ಈಗ 'ಸ್ಮಾರಕ ಮನೆ' ಅನ್ನುವ ಹೆಸರು ಮಾತ್ರ.

ಚಾಟಲೇನ್ ಇಲಾಖೆಗೆ ಬರುವಷ್ಟರಲ್ಲಿ ಆ ಮನೆ ಎದ್ದಾಗಿತ್ತು. ಅವರ ಮುಂದಿನ ಐದು ವರ್ಷದ ದುಡಿಮೆಯನ್ನು ನೋಡಿದರೆ, ಇಂಥದ್ದು ಮತ್ತೆ ಆಗದ ಹಾಗೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಕೊಟ್ಟ ಉತ್ತರದಂತಿದೆ ಅಂತ ನನಗೆ ಅನ್ನಿಸುತ್ತದೆ. ಅವರ ನಿಲುವು ನೇರವಾದದ್ದು. ಮೊದಲು ಸಂಶೋಧನೆ, ಆಮೇಲೆ ಇಟ್ಟಿಗೆ. ಯಾವ ಜಾಗವನ್ನು ಉಳಿಸಬೇಕು ಅನ್ನುವುದನ್ನು ಅದು ದೇಶದ ಕತೆಯಲ್ಲಿ ಯಾವ ಭಾಗವನ್ನು ಹೇಳುತ್ತದೆ ಅಂತ ನೋಡಿ ತೀರ್ಮಾನಿಸಬೇಕು. ಒತ್ತಡ ತಂದವರು ಯಾರು, ಯಾವ ಸಂಸದರ ಕ್ಷೇತ್ರ, ಯಾವ ಸಂಘ ಗಟ್ಟಿಯಾಗಿ ಕೂಗಿತು ಅನ್ನುವುದರ ಮೇಲಲ್ಲ.

ಇನ್ನೊಂದು ಮಾತನ್ನು ಅವರು ಬಹಳ ಬಲವಾಗಿ ಹೇಳಿದರು. ಪುಸ್ತಕ ಓದಿ ಸಿಗುವ ತಿಳುವಳಿಕೆ ಬೇರೆ, ಘಟನೆ ನಡೆದ ನೆಲದ ಮೇಲೆ ನಿಂತಾಗ ಸಿಗುವುದೇ ಬೇರೆ. ಜಾಗಕ್ಕೇ ಒಂದು ಹೇಳುವ ಶಕ್ತಿ ಇದೆ, ಅದನ್ನು ಸಾಮಾನ್ಯ ಜನರಿಗೆ ಮುಟ್ಟಿಸುವುದೇ ಇಲಾಖೆಯ ಕೆಲಸ.

ಇದಕ್ಕೆ ಯಾರ್ಕ್‌ಟೌನ್‌ಗಿಂತ ಒಳ್ಳೆಯ ಉದಾಹರಣೆ ಬೇಡ. ನಮಗಂತೂ ಅದು ದೂರದ ಊರೇ ಅಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರ್ 19ರಂದು ಅಲ್ಲಿ ಶರಣಾದ ಬ್ರಿಟಿಷ್ ಸೈನ್ಯದ ದಂಡನಾಯಕ ಕಾರ್ನ್‌ವಾಲಿಸ್. ಹತ್ತು ವರ್ಷದ ನಂತರ ಬೆಂಗಳೂರು ಕೋಟೆಗೆ ಲಗ್ಗೆ ಹಾಕಿ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ ಕಾರ್ನ್‌ವಾಲಿಸ್ ಅವನೇ. ಅಲ್ಲಿ ಸೋತವನು, ಇಲ್ಲಿ ಗೆದ್ದವನು.

ಯಾರ್ಕ್‌ಟೌನ್‌ನಲ್ಲಿ ಏನು ಮಾಡಿದರು ನೋಡಿ. ಶರಣಾಗತಿಯ ಷರತ್ತುಗಳ ಮಾತುಕತೆ ನಡೆದ ಮೂರ್ ಹೌಸ್ ಎಂಬ ಮನೆಯನ್ನು 1930ರ ದಶಕದ ಆರಂಭದಲ್ಲೇ ದುರಸ್ತಿ ಮಾಡಿದರು. ಮಣ್ಣಿನ ದಿಬ್ಬ, ಕಂದಕಗಳ ಜಾಡು ಹುಡುಕಲು ಹಳೆಯ ನಕ್ಷೆ ಬಿಡಿಸಿ, ಅಗೆದು ನೋಡಿ, ಮುತ್ತಿಗೆಯ ಸಾಲುಗಳನ್ನು ಮತ್ತೆ ಎಬ್ಬಿಸಿದರು. ಬಂದವರು ಆ ದಿಬ್ಬದ ಮೇಲೆ ನಿಂತು ತೋಪು ಎಲ್ಲಿತ್ತು, ಶತ್ರು ಎಷ್ಟು ದೂರದಲ್ಲಿದ್ದ, ಹಿಂದೆ ನದಿ ಹೇಗೆ ದಾರಿ ಕಟ್ಟಿಹಾಕಿತ್ತು ಅನ್ನುವುದನ್ನು ಕಣ್ಣಾರೆ ನೋಡುತ್ತಾರೆ. ಕಾರ್ನ್‌ವಾಲಿಸ್ ಯಾಕೆ ಸಿಕ್ಕಿಬಿದ್ದ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ನೆಲವೇ ಹೇಳುತ್ತದೆ.

ಬೆಂಗಳೂರಲ್ಲಿ? ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಕೋಟೆ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇದೆ. ಈ ಬಿರುಕಿನ ಮೂಲಕ ಬ್ರಿಟಿಷರು 1791ರ ಮಾರ್ಚ್ 21ರಂದು ನುಗ್ಗಿದರು ಅಂತ ಇಂಗ್ಲಿಷಿನಲ್ಲಿ ಒಂದೇ ವಾಕ್ಯ. ಸಾವಿರಾರು ಜನ ದಿನಾ ಅದರ ಪಕ್ಕದಲ್ಲೇ ಹೂವು, ತರಕಾರಿ ಹೊತ್ತು ಹೋಗುತ್ತಾರೆ. ಗೆದ್ದವರ ಮಾತು ಮಾತ್ರ ಅಲ್ಲಿದೆ. ಒಳಗಡೆ ನಿಂತು ಹೋರಾಡಿ ಸತ್ತ ಕಿಲ್ಲೇದಾರ ಬಹಾದ್ದೂರ್ ಖಾನ್ ಆ ಫಲಕದಲ್ಲಿ ಇಲ್ಲ. ಕೋಟೆ ಎಷ್ಟು ದೊಡ್ಡದಿತ್ತು, ಪೇಟೆ ಎಲ್ಲಿ ಮುಗಿದು ಕೋಟೆ ಎಲ್ಲಿ ಶುರುವಾಗುತ್ತಿತ್ತು ಅನ್ನುವುದು ಅಲ್ಲಿ ನಿಂತವರಿಗೆ ತಿಳಿಯುವುದೇ ಇಲ್ಲ. ಉಳಿದಿರುವ ದೆಹಲಿ ಬಾಗಿಲನ್ನು ಎಷ್ಟೇ ಚೆನ್ನಾಗಿ ತೊಳೆದು ಗಾರೆ ಹಾಕಿದರೂ ಈ ಕೊರತೆ ತುಂಬುವುದಿಲ್ಲ. ಅದು ಎಂಜಿನಿಯರ ತಪ್ಪಲ್ಲ. ಆ ಕೆಲಸವನ್ನು ಯಾರಿಗೂ ವಹಿಸಿಯೇ ಇರಲಿಲ್ಲ.

ಮತ್ತೆ ಚಾಟಲೇನ್ ಕಡೆಗೆ ಬರೋಣ. 1933 ಅವರ ಪಾಲಿಗೆ ದೊಡ್ಡ ವರ್ಷ. ಏಪ್ರಿಲ್‌ನಲ್ಲಿ ಒಂದು ಭಾನುವಾರ ಅಧ್ಯಕ್ಷ ರೂಸ್‌ವೆಲ್ಟ್ ವರ್ಜೀನಿಯದ ಬೆಟ್ಟದಿಂದ ಕಾರಿನಲ್ಲಿ ವಾಪಸು ಬರುತ್ತಿದ್ದರು. ಆಲ್‌ಬ್ರೈಟ್ ಅದೇ ಕಾರಿನಲ್ಲಿದ್ದರು. 1861–65ರ ಅಮೆರಿಕದ ಅಂತರ್ಯುದ್ಧದ ರಣರಂಗವೊಂದನ್ನು ದಾಟುವಾಗ ಮಾತು ತೆಗೆದರು: ಇವೆಲ್ಲ ನಮ್ಮ ಇಲಾಖೆಗೆ ಬರಬೇಕು. ರೂಸ್‌ವೆಲ್ಟ್ ಅಲ್ಲೇ ಒಪ್ಪಿದರು. ಅದೇ ವರ್ಷ ಆಗಸ್ಟ್ 10ರಿಂದ ಗೆಟಿಸ್‌ಬರ್ಗ್, ಶೈಲೊ, ವಿಕ್ಸ್‌ಬರ್ಗ್ ಸೇರಿ ಹತ್ತಾರು ತಾಣಗಳು ಒಟ್ಟಿಗೆ ಬಂದು ಬಿದ್ದವು. ಇಲಾಖೆಯಲ್ಲಿ ಇದ್ದ ಇತಿಹಾಸಕಾರರೋ ಬೆರಳೆಣಿಕೆಯಷ್ಟು ಮಂದಿ.

ಅದೇ ಹೊತ್ತಿಗೆ ಆರ್ಥಿಕ ಕುಸಿತದಿಂದ ಕೆಲಸ ಇಲ್ಲದ ಯುವಕರಿಗಾಗಿ ಸರ್ಕಾರ ಸಿಸಿಸಿ (ಸಿವಿಲಿಯನ್ ಕನ್ಸರ್ವೇಶನ್ ಕೋರ್) ಅನ್ನುವ ಯೋಜನೆ ತಂದಿತ್ತು. ತಿಂಗಳಿಗೆ 30 ಡಾಲರ್, ಅದರಲ್ಲಿ ಹೆಚ್ಚಿನ ಪಾಲು ಮನೆಗೆ ಹೋಗಬೇಕು. ಈ ಹುಡುಗರು ಗುದ್ದಲಿ, ಸಲಿಕೆ ಹಿಡಿದು ಯುದ್ಧಭೂಮಿಗಳಲ್ಲಿ ದಾರಿ ಮಾಡಲು, ಗಿಡ ನೆಡಲು ಬಂದರು. ಮೈಬಗ್ಗಿಸಿ ದುಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಹಳ್ಳ ಕಂಡರೆ ಅದು 1862ರಲ್ಲಿ ಸೈನಿಕರು ತೋಡಿದ ಕಂದಕವೋ, ಮಳೆ ನೀರು ಕೊರೆದದ್ದೋ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಸಲಿಕೆ ನೆಲಕ್ಕೆ ಇಳಿಯುವ ಮುಂಚೆ ಹೇಳಬಲ್ಲವರು ಸ್ಥಳದಲ್ಲೇ ಇರಬೇಕಿತ್ತು.

ಇಲ್ಲಿ ಚಾಟಲೇನ್ ಮಾಡಿದ್ದು ಜಾಣತನದ ಕೆಲಸ. ಹುಡುಗರಿಗೆ ಇದ್ದ ಅದೇ ಯೋಜನೆಯ ಹಣದಲ್ಲಿ, ಕೆಲಸ ಸಿಗದೆ ಕೂತಿದ್ದ ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ತೆಗೆದುಕೊಂಡರು. ತಾವು ಓದಿದ ಮಿನ್ನೆಸೋಟ ವಿಶ್ವವಿದ್ಯಾಲಯದಿಂದಲೇ ಹಲವರನ್ನು ಕರೆತಂದರು. ಅವರಲ್ಲಿ ರೊನಾಲ್ಡ್ ಲೀ ಶೈಲೊ ಯುದ್ಧಭೂಮಿಯಲ್ಲಿ ಕೆಲಸ ಶುರು ಮಾಡಿ ಮುಂದೆ ಇಲಾಖೆಯ ಮುಖ್ಯ ಇತಿಹಾಸಕಾರರಾದರು. 1949ರಲ್ಲಿ ಐತಿಹಾಸಿಕ ತಾಣಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟುವುದರ ಹಿಂದೆಯೂ ಲೀ ಅವರ ದುಡಿಮೆ ಇದೆ. ಅಧ್ಯಾಪಕರಾಗುವುದೊಂದೇ ದಾರಿ ಅಂದುಕೊಂಡಿದ್ದ ಒಂದು ತಲೆಮಾರಿಗೆ ಇತಿಹಾಸ ಓದಿ ಬಯಲಿನಲ್ಲೂ ಬದುಕು ಕಟ್ಟಿಕೊಳ್ಳಬಹುದು ಅಂತ ತೋರಿಸಿದ್ದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಇತಿಹಾಸ ಎಂಎ ಮುಗಿಸಿದ ಮಕ್ಕಳು ಎಷ್ಟು ಜನ ಅತಿಥಿ ಉಪನ್ಯಾಸಕರಾಗಿ ವರ್ಷಾನುಗಟ್ಟಲೆ ಕಾಯುತ್ತಿದ್ದಾರೆ ಅಂತ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈ ವ್ಯವಸ್ಥೆಗೆಲ್ಲ ಗಟ್ಟಿ ಕಾನೂನು ಇರಲಿಲ್ಲ. ಅದು ಬಂದದ್ದು 1935ರ ಆಗಸ್ಟ್ 21ಕ್ಕೆ, ಐತಿಹಾಸಿಕ ಸ್ಥಳಗಳ ಕಾಯ್ದೆಯ ರೂಪದಲ್ಲಿ. ಅದಕ್ಕಾಗಿ ಇಲಾಖೆಯ ಒಳಗೆ ದುಡಿದವರಲ್ಲಿ ಚಾಟಲೇನ್ ಮುಖ್ಯರು. ದೇಶದ ಮಟ್ಟದ ಮಹತ್ವವಿರುವ ಸ್ಥಳ, ಕಟ್ಟಡ, ವಸ್ತುಗಳನ್ನು ಸಾರ್ವಜನಿಕರ ಬಳಕೆಗಾಗಿ ಉಳಿಸುವುದು ದೇಶದ ನೀತಿ ಅಂತ ಆ ಕಾಯ್ದೆ ಸಾರಿತು. 'ಸಾರ್ವಜನಿಕರ ಬಳಕೆಗಾಗಿ' ಅನ್ನುವ ಮಾತನ್ನು ಗಮನಿಸಿ. ಬೇಲಿ ಹಾಕಿ ಬೀಗ ಜಡಿದರೆ ಕಾಯ್ದೆ ಹೇಳಿದ ಕೆಲಸ ಅರ್ಧವಷ್ಟೇ ಆದಂತೆ. ದೇಶವಿಡೀ ಸಮೀಕ್ಷೆ ಮಾಡಬೇಕು, ಸಲಹೆಗೆ ತಜ್ಞರ ಮಂಡಳಿ ಇರಬೇಕು ಅಂತಲೂ ಅದರಲ್ಲಿ ಇತ್ತು. ಐತಿಹಾಸಿಕ ಸ್ಥಳಗಳಿಗೇ ಬೇರೆ ಶಾಖೆ ಆಯಿತು, ಚಾಟಲೇನ್ ಅದರ ಹೊಣೆ ಹೊತ್ತರು.

ಆ ಕಾಯ್ದೆಯನ್ನು ಮೊದಲು ಬಳಸಿಕೊಂಡ ಬಗೆ ಮಾತ್ರ ನೋವು ತರುವಂಥದ್ದು. 1935ರ ಡಿಸೆಂಬರ್‌ನಲ್ಲಿ ಸೇಂಟ್ ಲೂಯಿಸ್ ನಗರದ ನದಿ ದಂಡೆಯನ್ನು, ಪಶ್ಚಿಮಕ್ಕೆ ವಲಸೆ ಹೋದವರ ನೆನಪಿಗೆ ಅಂತ, ಈ ಕಾಯ್ದೆಯ ಅಡಿಯಲ್ಲೇ ಸ್ಮಾರಕ ತಾಣವಾಗಿ ಘೋಷಿಸಿದರು. ಆಮೇಲೆ ಸುಮಾರು 40 ಬ್ಲಾಕ್‌ಗಳ ಹಳೆಯ ಕಟ್ಟಡಗಳನ್ನು ಕೆಡವಿದರು. ಎರಕದ ಕಬ್ಬಿಣದ ಮುಖವಿದ್ದ ಗೋದಾಮುಗಳು, ವ್ಯಾಪಾರದ ಮಳಿಗೆಗಳು ನೆಲಸಮವಾದವು. ಈಗ ಅಲ್ಲಿ 630 ಅಡಿಯ ಪ್ರಸಿದ್ಧ ಉಕ್ಕಿನ ಕಮಾನು ಇದೆ. ಇತಿಹಾಸ ಉಳಿಸುವ ಕಾಯ್ದೆಯಿಂದಲೇ ಇತಿಹಾಸ ಅಳಿಯಿತು. ಕಾಯ್ದೆ ಎಷ್ಟೇ ಒಳ್ಳೆಯದಿರಲಿ, ಊರಿಗೆ ಕೆಲಸ ಬೇಕು, ಹಣ ಬರಬೇಕು ಅನ್ನುವ ಹಸಿವಿನ ಮುಂದೆ ಬಾಗುತ್ತದೆ. ಸ್ಮಾರಕದ ಸುತ್ತ ಪಾರ್ಕಿಂಗ್ ಮಾಡಲು ಹಳೆಯ ಬೀದಿಯನ್ನೇ ಬಳಿದು ಹಾಕುವುದನ್ನು ಕಂಡವರಿಗೆ ಇದು ಹೊಸದಲ್ಲ.

1936ರಲ್ಲಿ ಚಾಟಲೇನ್ ಇಲಾಖೆ ಬಿಟ್ಟು ಫ್ಲೋರಿಡದ ಸೇಂಟ್ ಆಗಸ್ಟೀನ್‌ಗೆ ಹೋದರು. 1565ರಲ್ಲಿ ಸ್ಪೇನಿನವರು ಕಟ್ಟಿದ ಊರು ಅದು. ಕಾರ್ನೆಗಿ ಸಂಸ್ಥೆ ಅಲ್ಲಿ ಊರಿಗೆ ಊರನ್ನೇ ಇತಿಹಾಸದ ಆಧಾರದ ಮೇಲೆ ಉಳಿಸುವ ಯೋಜನೆ ಹಾಕಿಕೊಂಡಿತ್ತು. ಅವರು ಮತ್ತೆ ದಾಖಲೆಯಿಂದಲೇ ಶುರು ಮಾಡಿದರು. ಸ್ಪ್ಯಾನಿಷ್ ಕಾಲದ ರಕ್ಷಣಾ ವ್ಯವಸ್ಥೆ ಬಗ್ಗೆ ಅವರು ಬರೆದ ಪುಸ್ತಕ 1941ರಲ್ಲಿ ಬಂತು. ಕೊನೆಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ತೀರಿಕೊಂಡದ್ದು 1991ರಲ್ಲಿ.

ಅವರ ಕೆಲಸದಲ್ಲಿ ನಮಗೆ ಈಗಲೇ ಬೇಕಾದದ್ದು ಯಾವುದು ಅಂದರೆ, ವಿಷಯ ಹಿಡಿದು ಜಾಗ ಹುಡುಕುವ ಕ್ರಮ. ನಮ್ಮ ರಾಜ್ಯಕ್ಕೆ 1961ರ ಕಾಯ್ದೆ ಇದೆ, ಸಂರಕ್ಷಿತ ಸ್ಮಾರಕಗಳ ಪಟ್ಟಿಯೂ ಇದೆ. ಪಟ್ಟಿ ತೆರೆದರೆ ಹೆಚ್ಚಿನವು ದೇವಸ್ಥಾನಗಳು. ಅವು ಇರಲೇಬೇಕು. ಆದರೆ ನೀರು ಅನ್ನುವ ವಿಷಯ ಹಿಡಿದು ಹೊರಟರೆ ಸೂಳೆಕೆರೆಯಿಂದ ಹಿಡಿದು ಊರೂರಿನ ತೂಬು, ಕೋಡಿಗಳವರೆಗೆ ಎಷ್ಟು ಸಿಗುತ್ತವೆ! ವಿದ್ಯುತ್ತು ಮತ್ತು ಚಿನ್ನ ಅಂದರೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಹೋದ ತಂತಿಯ ದಾರಿ ಇದೆ. ಸ್ವಾತಂತ್ರ್ಯ ಹೋರಾಟಕ್ಕೆ ಶಿವಪುರ, ವಿದುರಾಶ್ವತ್ಥ, ಈಸೂರು ಇವೆ.

ವೀರಗಲ್ಲುಗಳ ವಿಷಯ ಇನ್ನೂ ತುರ್ತಿನದು. ಹೊಲದ ಬದುವಿನಲ್ಲಿ ನಿಂತ ವೀರಗಲ್ಲನ್ನು ಹತ್ತಿರದಿಂದ ನೋಡಿ. ಕೆಳಗಿನ ಪಟ್ಟಿಯಲ್ಲಿ ಹಸುಗಳು, ಬಿಲ್ಲು ಹಿಡಿದ ಆಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕೂತವನು. ತುರು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕತೆ. ಕಲ್ಲು ಸುರಕ್ಷಿತವಾಗಿರಲಿ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಟ್ರ್ಯಾಕ್ಟರಿನಲ್ಲಿ ತಂದು ದೇವಸ್ಥಾನದ ಅಂಗಳದಲ್ಲೋ ಕಚೇರಿ ಆವರಣದಲ್ಲೋ ಸಾಲಾಗಿ ನಿಲ್ಲಿಸುತ್ತಾರೆ. ಕಲ್ಲು ಉಳಿಯುತ್ತದೆ. ದನ ಯಾವ ದಾರಿಯಲ್ಲಿ ಹೋಗುತ್ತಿದ್ದವು, ಹಳೆಯ ಊರು ಎಲ್ಲಿತ್ತು, ಗಡಿ ಯಾವುದು ಅನ್ನುವ ಸಾಕ್ಷಿ ಅಲ್ಲೇ ಹೊಲದಲ್ಲಿ ಹೋಗಿಬಿಡುತ್ತದೆ.

ಕೆಲವೊಮ್ಮೆ ಸಾಗಿಸದೆ ವಿಧಿಯಿಲ್ಲ, ಒಪ್ಪುತ್ತೇನೆ. ರಸ್ತೆ ಬರುತ್ತದೆ, ಹೊಲದವರು ಬೇಡ ಅನ್ನುತ್ತಾರೆ, ಕಳ್ಳರ ಭಯ ಇರುತ್ತದೆ. ಹಾಗೆ ಆದಾಗ ಕನಿಷ್ಠ ಇಷ್ಟು ಮಾಡಿ: ಕಲ್ಲು ಅಲುಗಿಸುವ ಮೊದಲು ಫೋನಿನಲ್ಲೇ ಆ ಜಾಗದ ಜಿಪಿಎಸ್ ಗುರುತು ಹಾಕಿಕೊಳ್ಳಿ. ಯಾವ ದಿಕ್ಕಿಗೆ ಮುಖ ಮಾಡಿತ್ತು ಅಂತ ಬರೆದುಕೊಳ್ಳಿ, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಸರ್ವೆ ನಂಬರ್ ಮತ್ತು ಹೊಲಕ್ಕೆ ಊರವರು ಕರೆಯುವ ಹೆಸರನ್ನು ಕೇಳಿ ಬರೆದಿಡಿ. ಊರಿನ ಹಿರಿಯರ ಹತ್ತಿರ ಆ ಹೆಸರು ಯಾಕೆ ಬಂತು ಅಂತ ವಿಚಾರಿಸಿ. ಹೊಸ ಜಾಗದಲ್ಲಿ ಕಲ್ಲಿನ ಪಕ್ಕ ಹಾಕುವ ಬೋರ್ಡಿನಲ್ಲಿ ಮೊದಲ ಸಾಲು ಅದು ಎಲ್ಲಿಂದ ಬಂತು ಅನ್ನುವುದೇ ಆಗಿರಲಿ. ಟ್ರ್ಯಾಕ್ಟರ್ ಬರುವ ಹಿಂದಿನ ದಿನ ಒಬ್ಬ ಇತಿಹಾಸದ ವಿದ್ಯಾರ್ಥಿ ಒಂದು ನೋಟ್‌ಬುಕ್ ಹಿಡಿದು ಹೋದರೂ ಈ ಕೆಲಸ ಆಗುತ್ತದೆ.