ಒಂದೇ ದೊಡ್ಡಿಯಲ್ಲಿ ಆಡಿಗೂ ನಾಯಿಗೂ ಜ್ವರ: ಪಿಪಿಆರ್ ಮತ್ತು ಡಿಸ್ಟೆಂಪರ್

ಭಾಲ್ಕಿ ಕಡೆಯ ಒಂದು ದೊಡ್ಡಿ ಅಂದುಕೊಳ್ಳಿ. ಇಪ್ಪತ್ತು ಆಡು, ಕಾವಲಿಗೆ ಒಂದು ನಾಯಿ, ಅದಕ್ಕೆ ಮೂರು ಮರಿ. ಸಂತೆಯಿಂದ ಎರಡು ಹೋತ ತಂದು ಒಂದು ವಾರ ಆಗಿದೆ. ಆಡುಗಳಿಗೆ ಜ್ವರ, ಸಿಂಬಳ, ಭೇದಿ ಶುರುವಾಗಿದೆ. ನಾಯಿಮರಿಗಳ ಕಣ್ಣಲ್ಲೂ ಗೀಜು. "ಆಡಿನ ಬ್ಯಾನಿ ನಾಯಿಗಿ ಹತ್ತ್ಯಾದೇನ್ರಿ ಡಾಕ್ಟ್ರೇ?" ಅಂತ ಮಾಲೀಕರು ಕೇಳುತ್ತಾರೆ. ಪಶುವೈದ್ಯಕೀಯ ಓದುವಾಗ ನನ್ನನ್ನು ಜಾಸ್ತಿ ಕಾಡಿದ್ದು ಇದೇ ಪ್ರಶ್ನೆ.

ಪಿಪಿಆರ್, ಅಂದರೆ ಆಡು-ಕುರಿಗಳಿಗೆ ಬರುವ ಹಿರೇಬೇನೆ, ಮಾರ್ಬಿಲಿವೈರಸ್ ಎಂಬ ವೈರಸ್ ಗುಂಪಿನದು. ನಾಯಿಯ ಡಿಸ್ಟೆಂಪರ್ ಕೂಡ ಅದೇ ಗುಂಪು. ಮನುಷ್ಯರ ದಡಾರ, 2011ರಲ್ಲಿ ಜಗತ್ತಿನಿಂದಲೇ ತೊಲಗಿತು ಅಂತ ಸಾರಿದ ದನಗಳ ದೊಡ್ಡರೋಗ, ಇವೂ ದಾಯಾದಿಗಳೇ. ನಂಟು ಎಷ್ಟು ಹತ್ತಿರ ಅಂದ್ರೆ, ಹಿಂದೆ ದೊಡ್ಡರೋಗದ ಲಸಿಕೆ ಹಾಕಿಯೇ ಆಡುಗಳನ್ನು ಪಿಪಿಆರ್‌ನಿಂದ ಕಾಯುತ್ತಿದ್ದರು. ದಡಾರದ ಲಸಿಕೆಯನ್ನು ನಾಯಿಮರಿಗಳಿಗೆ ಕೊಟ್ಟದ್ದೂ ಉಂಟು.

ಈ ವೈರಸ್‌ಗಳು ಮೊದಲು ಬಿಳಿ ರಕ್ತಕಣಗಳ ಮೇಲಿನ ಸ್ಲ್ಯಾಮ್ ಎಂಬ ಪ್ರೋಟೀನ್ ಹಿಡಿದು ಒಳಗೆ ಹೋಗುತ್ತವೆ. ರೋಗ ತಡೆಯುವ ಶಕ್ತಿಯೇ ಕುಗ್ಗುತ್ತದೆ. ಆಮೇಲೆ ನೆಕ್ಟಿನ್-4 ಎಂಬ ಇನ್ನೊಂದು ಪ್ರೋಟೀನ್ ಹಿಡಿದು ಶ್ವಾಸನಾಳ, ಕರುಳಿನ ಒಳಪದರಕ್ಕೆ ಇಳಿಯುತ್ತವೆ. ಅದಕ್ಕೇ ಎರಡರಲ್ಲೂ ಸಿಂಬಳ, ಕೆಮ್ಮು, ಭೇದಿ.

ವ್ಯತ್ಯಾಸ ಬೇಕಾದರೆ ಹತ್ತಿರ ಕೂತು ನೋಡಬೇಕು. ಆಡಿನ ಕೆಳತುಟಿ ಮಡಚಿ. ಒಸಡಿನ ಮೇಲೆ ಹಿಟ್ಟಿನ ತೌಡು ಅಂಟಿದ ಹಾಗೆ ಸತ್ತ ಪೊರೆ ಕಾಣುತ್ತದೆ. ಬೆರಳಿಂದ ಒರೆಸಿದರೆ ಕಳಚುತ್ತದೆ, ಅಡಿಯಲ್ಲಿ ಕೆಂಪು ಹುಣ್ಣು, ಬಾಯಲ್ಲಿ ಕೆಟ್ಟ ನಾತ. ನಾಯಿಯ ಅಂಗಾಲು ಒತ್ತಿ ನೋಡಿ, ಕೆಲವಕ್ಕೆ ಒಣಚರ್ಮದಂತೆ ಗಟ್ಟಿಯಾಗಿರುತ್ತದೆ. ಮುಂದೆ ಫಿಟ್ಸ್ ಬರಬಹುದು, ಏನೋ ಅಗಿಯುವಂತೆ ದವಡೆ ಆಡಿಸಬಹುದು.

ಒಂದೇ ವಾರದಲ್ಲಿ ಬಂದವು ಅಂತ ಒಂದರಿಂದ ಇನ್ನೊಂದಕ್ಕೆ ಹತ್ತಿತು ಅನ್ನಬೇಡಿ. ಹೋತ ಒಂದು ವೈರಸ್ ತಂದಿರಬಹುದು, ಲಸಿಕೆ ಕಾಣದ ನಾಯಿಮರಿಗಳಿಗೆ ಬೀದಿನಾಯಿ ಇನ್ನೊಂದನ್ನು ಅಂಟಿಸಿರಬಹುದು. ಹಾಗಂತ ಜಾತಿ ದಾಟುವುದೇ ಇಲ್ಲ ಅಂತಲೂ ಅಲ್ಲ. 2018ರಲ್ಲಿ ಗಿರ್ ಕಾಡಿನ ಸಿಂಹಗಳಲ್ಲಿ ಡಿಸ್ಟೆಂಪರ್ ವೈರಸ್ ಸಿಕ್ಕಿತ್ತಲ್ವಾ?

ರಕ್ತದಲ್ಲಿ ಪ್ರತಿಕಾಯ (ವೈರಸ್ ವಿರುದ್ಧ ದೇಹ ಮಾಡುವ ಪ್ರೋಟೀನ್) ನೋಡಿ ತೀರ್ಮಾನ ಮಾಡಿದರೆ ಇಲ್ಲಿ ಎಡವುತ್ತೇವೆ. ಒಂದು ವೈರಸ್‌ಗೆ ಹುಟ್ಟಿದ ಪ್ರತಿಕಾಯ ಪರೀಕ್ಷೆಯಲ್ಲಿ ಅದರ ದಾಯಾದಿ ವೈರಸ್‌ಗೂ ಅಂಟಿಕೊಳ್ಳಬಹುದು. ಎರಡೂ ಪ್ರಾಣಿಗಳ ಕಣ್ಣು, ಮೂಗಿನ ಸ್ವಾಬ್ ಬೇರೆ ಬೇರೆ ತೆಗೆದು, ಐಸ್‌ನಲ್ಲಿಟ್ಟು, ಯಾವ ವೈರಸ್ ಅಂತ ಗುರುತಿಸುವ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಕಳಿಸಬೇಕು. ಆಡು ಮುಟ್ಟಿದ ಗ್ಲೌಸ್‌ನಲ್ಲೇ ನಾಯಿಯನ್ನು ಮುಟ್ಟಬೇಡಿ. ಮಾಲೀಕರಿಗೆ ಅವತ್ತು ಹೇಳಬೇಕಾದ್ದು ಇಷ್ಟೇ: "ಹೋತ ಬೇರೆ ಕಟ್ಟ್ರಿ, ಮರಿ ಬೇರೆ ಇಡ್ರಿ. ರಿಪೋರ್ಟ್ ಬಂದ ಮ್ಯಾಲ ಹೇಳ್ತೀನ್ರಿ."