ನನಗೆ ಅತ್ಯುತ್ತಮ ಎನಿಸಿದ ಚಿತ್ರ ಆಸ್ಕರ್ ಗೆಲ್ಲುವುದಿಲ್ಲವೇಕೆ?

ಓದುಗರ ಪ್ರಶ್ನೆ: ಪ್ರತಿ ವರ್ಷ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಚಿತ್ರಗಳನ್ನು ಆದಷ್ಟೂ ನೋಡಿ, ಯಾವುದು ಗೆಲ್ಲಬಹುದೆಂದು ಪಟ್ಟಿ ಮಾಡುತ್ತೇನೆ. ನಾನು ಮನಸಾರೆ ಮೆಚ್ಚಿದ ಚಿತ್ರ ಸಾಮಾನ್ಯವಾಗಿ ಗೆಲ್ಲುವುದೇ ಇಲ್ಲ. ಅರ್ಧದಷ್ಟು ಚಿತ್ರಗಳನ್ನೂ ನೋಡದವರು ಮಾತ್ರ ಸರಿಯಾಗಿ ಊಹಿಸಿಬಿಡುತ್ತಾರೆ. ಇದು ಹೇಗೆ? ನನ್ನ ಅಭಿರುಚಿಯಲ್ಲೇ ಏನಾದರೂ ಕೊರತೆಯಿದೆಯೇ?

ಉತ್ತರ: ನಿಮ್ಮ ಅಭಿರುಚಿಯಲ್ಲಿ ಯಾವ ಕೊರತೆಯೂ ಇಲ್ಲ. ಚಿತ್ರವನ್ನು ವಿಮರ್ಶಿಸುವುದು ಮತ್ತು ವಿಜೇತರನ್ನು ಊಹಿಸುವುದು ಎಂಬ ಎರಡು ಕೆಲಸಗಳನ್ನು ನೀವು ಒಂದೇ ಪಟ್ಟಿಯಲ್ಲಿ ಮಾಡುತ್ತಿದ್ದೀರಿ, ಅಷ್ಟೇ. ವಿಮರ್ಶೆ ಬರೆಯುವವನು ತೆರೆಯನ್ನು ನೋಡಬೇಕು. ಊಹೆ ಮಾಡುವವನು ಮತ ಹಾಕುವವರನ್ನು ನೋಡಬೇಕು. ಚಿತ್ರ ನೋಡದೆಯೂ ಸರಿಯಾಗಿ ಊಹಿಸುವವರು ಈ ಎರಡನೆಯ ಕೆಲಸದಲ್ಲಿ ಪಳಗಿದವರು. ಅವರು ಗಮನಿಸುವುದೇನು ಎಂಬುದನ್ನು ಕಲಿಯುವುದು ಕಷ್ಟವಲ್ಲ. ಆದರೆ ಅದನ್ನು ಕಲಿಯುವ ಭರದಲ್ಲಿ ನಿಮ್ಮ ಮೊದಲ ಕೆಲಸ ಕೆಡಬಾರದು ಎಂಬ ಕಾಳಜಿಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಮತದಾರರ ವಿಷಯ. ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಮತದಾನದ ಹಕ್ಕಿರುವ ಸದಸ್ಯರು ಸುಮಾರು 10,000. ಎಲ್ಲರೂ ಚಿತ್ರರಂಗದಲ್ಲಿ ದುಡಿದವರೇ. ನಟರು, ಸಂಕಲನಕಾರರು, ಛಾಯಾಗ್ರಾಹಕರು, ವಸ್ತ್ರವಿನ್ಯಾಸಕರು ಎಂದು ಅವರವರ ಕಸುಬಿಗೆ ತಕ್ಕ ವಿಭಾಗಗಳಿವೆ. ನಟರ ವಿಭಾಗ ಎಲ್ಲಕ್ಕಿಂತ ದೊಡ್ಡದು. ನಾಮನಿರ್ದೇಶನದ ಹಂತದಲ್ಲಿ ಸಂಕಲನದ ಐದು ಹೆಸರುಗಳನ್ನು ಸಂಕಲನಕಾರರೇ ಆರಿಸುತ್ತಾರೆ, ವಸ್ತ್ರವಿನ್ಯಾಸದ ಐದನ್ನು ವಸ್ತ್ರವಿನ್ಯಾಸಕರು. ಅತ್ಯುತ್ತಮ ಚಿತ್ರದ ಹತ್ತು ಹೆಸರುಗಳಿಗೆ ಮಾತ್ರ ಎಲ್ಲ ಸದಸ್ಯರ ಮತ. ಅಂತಿಮ ಸುತ್ತಿನಲ್ಲಿ ಈ ಗಡಿಗಳು ಅಳಿಸಿಹೋಗುತ್ತವೆ. ಧ್ವನಿ ವಿನ್ಯಾಸಕ ಪ್ರಸಾಧನಕ್ಕೆ ಮತ ಹಾಕುತ್ತಾನೆ, ನಟಿ ಸಂಕಲನಕ್ಕೆ ಹಾಕುತ್ತಾಳೆ.

ಈ ಒಂದು ವ್ಯತ್ಯಾಸವನ್ನು ಮನದಟ್ಟು ಮಾಡಿಕೊಂಡರೆ ತಾಂತ್ರಿಕ ಪ್ರಶಸ್ತಿಗಳ ಅರ್ಧ ಗುಟ್ಟು ತಿಳಿದಂತೆ. ಕಸುಬು ಬಲ್ಲವರು ಆರಿಸಿದ ಐದರಲ್ಲಿ ಒಂದನ್ನು ಬೇರೆ ಕಸುಬಿನವರೇ ಬಹುಪಾಲು ಇರುವ ಸಭೆ ಆರಿಸುತ್ತದೆ. ಹೀಗಾಗಿ ಕಣ್ಣಿಗೆ ಥಟ್ಟನೆ ಬೀಳುವ ಕೆಲಸಕ್ಕೆ ಅನುಕೂಲ ಹೆಚ್ಚು. ವಸ್ತ್ರವಿನ್ಯಾಸದ ಪ್ರಶಸ್ತಿ ಹೆಚ್ಚಾಗಿ ಹಳೆಯ ಕಾಲದ ಕಥೆಗೋ ಕಲ್ಪನಾಲೋಕದ ಕಥೆಗೋ ಹೋಗುತ್ತದೆ. ಇಂದಿನ ಸಾಧಾರಣ ಉಡುಪಿನಲ್ಲೇ ಪಾತ್ರವನ್ನು ಕಟ್ಟಿಕೊಟ್ಟ ವಿನ್ಯಾಸಕರಿಗೆ ಅದು ದಕ್ಕುವುದು ಅಪರೂಪ. ಪ್ರಸಾಧನದ ಪ್ರಶಸ್ತಿಯನ್ನೂ ನೋಡಿ. 2012ರಲ್ಲಿ ಮೆರಿಲ್ ಸ್ಟ್ರೀಪ್, 2018ರಲ್ಲಿ ಗ್ಯಾರಿ ಓಲ್ಡ್‌ಮನ್, 2022ರಲ್ಲಿ ಜೆಸಿಕಾ ಚಾಸ್ಟೇನ್, 2023ರಲ್ಲಿ ಬ್ರೆಂಡನ್ ಫ್ರೇಸರ್ ಮುಖ್ಯ ಪಾತ್ರದ ಅಭಿನಯಕ್ಕೆ ಪ್ರಶಸ್ತಿ ಪಡೆದರು. ಆ ನಾಲ್ಕೂ ಚಿತ್ರಗಳು ಅದೇ ರಾತ್ರಿ ಪ್ರಸಾಧನದ ಪ್ರಶಸ್ತಿಯನ್ನೂ ಪಡೆದವು. ನಟರು ಗುರುತು ಸಿಗದಷ್ಟು ಬದಲಾದರೆ ಮತದಾರರು ಮುಖವನ್ನೂ ಅಭಿನಯವನ್ನೂ ಒಟ್ಟಿಗೆ ಮೆಚ್ಚಿಕೊಳ್ಳುತ್ತಾರೆ. ಊಹೆ ಮಾಡುವವರು ಈ ಎರಡು ವಿಭಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಇದೇ ಕಾರಣಕ್ಕೆ.

ಇನ್ನು ಎಲ್ಲರೂ ಕಾಯುವ ಅತ್ಯುತ್ತಮ ಚಿತ್ರದ ಪ್ರಶಸ್ತಿ. ಉಳಿದ ವಿಭಾಗಗಳಲ್ಲಿ ಅಂತಿಮ ಸುತ್ತಿನ ಎಣಿಕೆ ಸರಳ: ಯಾರಿಗೆ ಹೆಚ್ಚು ಮತ ಬಿತ್ತೋ ಅವರು ಗೆದ್ದರು. ಇಲ್ಲಿ ಹಾಗಿಲ್ಲ. 2010ರ ಸಮಾರಂಭದಿಂದ ಇಲ್ಲಿ ಆದ್ಯತೆಯ ಮತ ಜಾರಿಯಲ್ಲಿದೆ. ಸದಸ್ಯರು ಚಿತ್ರಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸಬೇಕು. ಮೊದಲ ಆದ್ಯತೆಯ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾವುದಕ್ಕೂ ಸಿಗದಿದ್ದರೆ ಕೊನೆಯ ಸ್ಥಾನದ ಚಿತ್ರವನ್ನು ತೆಗೆದುಹಾಕಿ, ಅದಕ್ಕೆ ಮತ ಹಾಕಿದವರ ಎರಡನೆಯ ಆಯ್ಕೆ ಯಾವುದೆಂದು ನೋಡಿ ಆ ಮತಪತ್ರಗಳನ್ನು ಹಂಚುತ್ತಾರೆ. ಒಂದು ಚಿತ್ರ ಅರ್ಧದ ಗೆರೆ ದಾಟುವವರೆಗೆ ಇದೇ ಕೆಲಸ ಮುಂದುವರಿಯುತ್ತದೆ.

ಕಾಗದದ ಮೇಲೆ ಒಂದು ಲೆಕ್ಕ ಮಾಡಿ ನೋಡೋಣ. ನೂರು ಮತದಾರರು, ನಾಲ್ಕು ಚಿತ್ರಗಳು ಎಂದುಕೊಳ್ಳಿ. 'ಅ' ಚಿತ್ರಕ್ಕೆ 36 ಮೊದಲ ಮತಗಳು, 'ಆ' ಚಿತ್ರಕ್ಕೆ 28, 'ಇ' ಚಿತ್ರಕ್ಕೆ 22, 'ಈ' ಚಿತ್ರಕ್ಕೆ 14. ಸರಳ ಎಣಿಕೆಯಾಗಿದ್ದರೆ 'ಅ' ಇಲ್ಲಿಗೇ ಗೆದ್ದಿತ್ತು. ಈಗ 'ಈ' ಹೊರಬೀಳುತ್ತದೆ. ಅದರ 14 ಮತಪತ್ರಗಳಲ್ಲಿ 2 'ಅ'ಗೆ, 7 'ಆ'ಗೆ, 5 'ಇ'ಗೆ ಹೋದವು ಎನ್ನೋಣ. 'ಅ' 38, 'ಆ' 35, 'ಇ' 27 ಆಯಿತು. ಮುಂದಿನ ಸುತ್ತಿನಲ್ಲಿ 'ಇ' ಹೊರಗೆ. ಅದರ 27ರಲ್ಲಿ 6 ಮಾತ್ರ 'ಅ'ಗೆ ಬಂದು 21 'ಆ'ಗೆ ಹೋದರೆ, 56 ಮತಗಳಿಂದ 'ಆ' ಗೆಲ್ಲುತ್ತದೆ. 'ಅ' ಚಿತ್ರಕ್ಕೆ ಭಕ್ತರು ಹೆಚ್ಚಿದ್ದರು, ಆದರೆ ಉಳಿದವರ ಪಟ್ಟಿಯಲ್ಲಿ ಅದು ಕೆಳಗಿತ್ತು. 'ಆ' ಚಿತ್ರವನ್ನು ಅತಿಯಾಗಿ ಪ್ರೀತಿಸಿದವರು ಕಡಿಮೆ, ದ್ವೇಷಿಸಿದವರು ಇಲ್ಲವೇ ಇಲ್ಲ ಎನ್ನುವಷ್ಟು.

ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಲೆಕ್ಕದಲ್ಲಿದೆ. ನೀವು ಮನಸಾರೆ ಮೆಚ್ಚುವ ಚಿತ್ರ ಬಹುಶಃ 'ಅ' ಜಾತಿಯದು: ಧೈರ್ಯದ್ದು, ಹಟದ್ದು, ಕೆಲವರನ್ನು ಮರುಳುಮಾಡಿ ಕೆಲವರನ್ನು ದೂರ ತಳ್ಳುವಂಥದ್ದು. ಈ ಮತಪದ್ಧತಿ ಹೆಚ್ಚು ಜನರ ಪಟ್ಟಿಯಲ್ಲಿ ಎರಡನೆಯದೋ ಮೂರನೆಯದೋ ಆಗಿರುವ ಚಿತ್ರಕ್ಕೆ ಅನುಕೂಲಕರ. 2022ರಲ್ಲಿ 'ದಿ ಪವರ್ ಆಫ್ ದಿ ಡಾಗ್' 12 ನಾಮನಿರ್ದೇಶನಗಳೊಂದಿಗೆ ಬಂದು ನಿರ್ದೇಶನದ ಒಂದೇ ಪ್ರಶಸ್ತಿಯೊಂದಿಗೆ ಮರಳಿತು. ಮೂರೇ ನಾಮನಿರ್ದೇಶನಗಳಿದ್ದ, ನಿರ್ದೇಶನಕ್ಕಾಗಲೀ ಸಂಕಲನಕ್ಕಾಗಲೀ ಹೆಸರೇ ಇಲ್ಲದ 'ಕೋಡಾ' ಆ ಮೂರನ್ನೂ ಗೆದ್ದು ಅತ್ಯುತ್ತಮ ಚಿತ್ರವಾಯಿತು. ಎಣಿಕೆಯ ಅಂಕಿಗಳನ್ನು ಅಕಾಡೆಮಿ ಎಂದೂ ಬಹಿರಂಗಪಡಿಸುವುದಿಲ್ಲ, ಆದ್ದರಿಂದ ಅಲ್ಲಿ ಯಾವ ಸುತ್ತಿನಲ್ಲಿ ಏನಾಯಿತೆಂದು ಯಾರೂ ಹೇಳಲಾರರು. ಆದರೆ ಚಿತ್ರ ಮುಗಿದಾಗ ಕಣ್ಣೀರಿನೊಂದಿಗೆ ನಗುತ್ತಾ ಎದ್ದುಬರುವ ಜನರನ್ನು ಕಂಡವರಿಗೆ 'ಕೋಡಾ' ಗೆಲುವು ಅಚ್ಚರಿಯೆನಿಸಿರಲಾರದು.

ಮತದಾರರ ಒಲವನ್ನು ಮೊದಲೇ ತಿಳಿಯಲು ಕಸುಬಿನ ಸಂಘಗಳ ಪ್ರಶಸ್ತಿಗಳೇ ದಾರಿ. ನಿರ್ದೇಶಕರ, ನಿರ್ಮಾಪಕರ, ನಟರ ಗಿಲ್ಡ್‌ಗಳು ಆಸ್ಕರ್‌ಗಿಂತ ಮೊದಲೇ ತಮ್ಮ ಪ್ರಶಸ್ತಿ ಘೋಷಿಸುತ್ತವೆ, ಮತ್ತು ಅಕಾಡೆಮಿಯ ಎಷ್ಟೋ ಸದಸ್ಯರು ಈ ಗಿಲ್ಡ್‌ಗಳ ಸದಸ್ಯರೂ ಹೌದು. ಅಮೆರಿಕದ ನಿರ್ದೇಶಕರ ಗಿಲ್ಡ್ 1948ರಿಂದ ಪ್ರಶಸ್ತಿ ಕೊಡುತ್ತಿದೆ. 2025ರ ಸಮಾರಂಭದವರೆಗೆ ಅದರ ಆಯ್ಕೆಗೂ ನಿರ್ದೇಶನದ ಆಸ್ಕರ್‌ಗೂ ತಾಳೆಯಾಗದೆ ಹೋದದ್ದು 8 ಬಾರಿ ಮಾತ್ರ. ನಿರ್ಮಾಪಕರ ಗಿಲ್ಡ್ ಕೂಡ ಆದ್ಯತೆಯ ಮತವನ್ನೇ ಬಳಸುತ್ತದೆ, ಹಾಗಾಗಿ ಅತ್ಯುತ್ತಮ ಚಿತ್ರದ ಮಟ್ಟಿಗೆ ಅದರ ಮಾತಿಗೆ ತೂಕ ಜಾಸ್ತಿ. ಗೋಲ್ಡನ್ ಗ್ಲೋಬ್‌ನ ಸದ್ದು ಎಷ್ಟೇ ದೊಡ್ಡದಿದ್ದರೂ ಅದರ ಮತದಾರರು ಪತ್ರಕರ್ತರು. ಅವರಿಗೆ ಆಸ್ಕರ್ ಮತವಿಲ್ಲ. ಗೆದ್ದವರ ಹೆಸರು ಸುದ್ದಿಯಲ್ಲಿ ಉಳಿಯುತ್ತದೆ, ವೇದಿಕೆಯ ಮೇಲೆ ಚೆನ್ನಾಗಿ ಮಾತನಾಡಿದವರು ನೆನಪಿನಲ್ಲಿ ನಿಲ್ಲುತ್ತಾರೆ, ಅಷ್ಟು ಮಟ್ಟಿಗೆ ಅದಕ್ಕೆ ಬೆಲೆ.

ಗಿಲ್ಡ್‌ಗಳ ಸೂಚನೆಯೂ ವೇದವಾಕ್ಯವಲ್ಲ. 2020ರಲ್ಲಿ '1917' ಚಿತ್ರಕ್ಕೆ ನಿರ್ದೇಶಕರ ಗಿಲ್ಡ್, ನಿರ್ಮಾಪಕರ ಗಿಲ್ಡ್, ಬ್ರಿಟನ್‌ನ ಚಲನಚಿತ್ರ ಪ್ರಶಸ್ತಿಯಾದ ಬಾಫ್ಟಾ, ಗೋಲ್ಡನ್ ಗ್ಲೋಬ್ ಎಲ್ಲವೂ ಒಲಿದಿದ್ದವು. ಲೆಕ್ಕಾಚಾರದ ಪ್ರಕಾರ ಅದೇ ಗೆಲ್ಲಬೇಕಿತ್ತು. ಗೆದ್ದದ್ದು ಕೊರಿಯನ್ ಭಾಷೆಯ 'ಪ್ಯಾರಸೈಟ್', ಅದೂ ನಿರ್ದೇಶನದ ಪ್ರಶಸ್ತಿಯ ಸಮೇತ. ಹಿಂತಿರುಗಿ ನೋಡಿದರೆ ಎರಡು ಸುಳಿವುಗಳಿದ್ದವು. ನಟರ ಗಿಲ್ಡ್ ತನ್ನ ತಾರಾಬಳಗದ ಪ್ರಶಸ್ತಿಯನ್ನು 'ಪ್ಯಾರಸೈಟ್'ಗೆ ಕೊಟ್ಟಿತ್ತು. ಇಂಗ್ಲಿಷೇತರ ಚಿತ್ರವೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಅಲ್ಲದೆ 2016ರ ನಂತರ ಅಕಾಡೆಮಿ ಬೇರೆ ಬೇರೆ ದೇಶಗಳಿಂದ ದೊಡ್ಡ ಸಂಖ್ಯೆಯಲ್ಲಿ ಹೊಸ ಸದಸ್ಯರನ್ನು ಸೇರಿಸಿಕೊಂಡಿತ್ತು. ಹಳೆಯ ಮತದಾರರ ಅಭ್ಯಾಸ ನೋಡಿ ಹೊಸ ಮತದಾರರ ಮನಸ್ಸನ್ನು ಊಹಿಸಿದವರು ಅಂದು ಎಡವಿದರು.

ಮರುವರ್ಷದ ಕಥೆ ಇನ್ನೂ ಖಾರ. ಅತ್ಯುತ್ತಮ ನಟ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿದ್ದ ಚಾಡ್ವಿಕ್ ಬೋಸ್‌ಮನ್ ಆ ಹಿಂದಿನ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಗೋಲ್ಡನ್ ಗ್ಲೋಬ್ ಮತ್ತು ನಟರ ಗಿಲ್ಡ್ ಎರಡೂ ಅವರನ್ನೇ ಆರಿಸಿದ್ದವು. ಸಮಾರಂಭದ ಆಯೋಜಕರು ವಾಡಿಕೆ ಬಿಟ್ಟು ಅತ್ಯುತ್ತಮ ನಟ ಪ್ರಶಸ್ತಿಯನ್ನು ಕಟ್ಟಕಡೆಗೆ ಇಟ್ಟಿದ್ದರು. ಘೋಷಣೆಯಾದದ್ದು 'ದಿ ಫಾದರ್' ಚಿತ್ರದ ಆಂಟನಿ ಹಾಪ್‌ಕಿನ್ಸ್ ಹೆಸರು, ಅವರು ಸಭೆಯಲ್ಲಿ ಇರಲೂ ಇಲ್ಲ. ಆದರೆ ಬಾಫ್ಟಾ ಹಾಪ್‌ಕಿನ್ಸ್ ಅವರಿಗೆ ಸಂದಿತ್ತೆಂಬುದನ್ನು ಹೆಚ್ಚಿನವರು ಬದಿಗೆ ಸರಿಸಿದ್ದರು.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ 'ಇವರೇ ಗೆಲ್ಲುತ್ತಾರೆ' ಎಂದು ಬರೆಯಬೇಡಿ. 'ನೂರಕ್ಕೆ ಎಪ್ಪತ್ತು' ಎಂದೋ 'ನೂರಕ್ಕೆ ತೊಂಬತ್ತು' ಎಂದೋ ಬರೆಯಿರಿ. ಎಪ್ಪತ್ತು ಎಂದು ಗುರುತಿಸಿದ ಹತ್ತು ವಿಭಾಗಗಳಲ್ಲಿ ಏಳರಷ್ಟು ನಿಜವಾದರೆ ನಿಮ್ಮ ಅಂದಾಜು ಚೆನ್ನಾಗಿದೆ ಎಂದರ್ಥ. ತೊಂಬತ್ತು ಎಂದು ಬರೆದದ್ದರಲ್ಲಿ ಅರ್ಧ ಸುಳ್ಳಾದರೆ ನಿಮ್ಮ ವಿಶ್ವಾಸಕ್ಕೆ ಕಡಿವಾಣ ಬೇಕು. ಒಂದು ವರ್ಷದ ಫಲಿತಾಂಶದಿಂದ ಇದು ತಿಳಿಯುವುದಿಲ್ಲ. ಪಟ್ಟಿಗಳನ್ನು ಕಾಪಿಟ್ಟುಕೊಳ್ಳಿ.

ಈಗ ನನಗೆ ಹೆಚ್ಚು ಮುಖ್ಯವೆನಿಸುವ ವಿಷಯ, ವಿಮರ್ಶೆ. ಪ್ರಶಸ್ತಿಯ ಲೆಕ್ಕ ತಲೆಯಲ್ಲಿಟ್ಟುಕೊಂಡು ನೋಡಿದರೆ ಚಿತ್ರದ ಕಣ್ಣು ಕುಕ್ಕುವ ಭಾಗಗಳು ಮಾತ್ರ ಕಾಣುತ್ತವೆ. ಅಳುವ ದೃಶ್ಯ ಬಂದರೆ 'ಇದು ನಟಿಯ ಪ್ರಶಸ್ತಿಯ ದೃಶ್ಯ' ಎಂದು ಮನಸ್ಸು ಗುರುತು ಹಾಕಿಕೊಳ್ಳುತ್ತದೆ, ಅದರ ಹಿಂದಿನ ಹತ್ತು ನಿಮಿಷಗಳಲ್ಲಿ ಆಕೆ ಸುಮ್ಮನೆ ಕೇಳಿಸಿಕೊಂಡ ರೀತಿ ತಪ್ಪಿಹೋಗುತ್ತದೆ. ಸಂಕಲನ ಎಂದರೆ ಕತ್ತರಿ ಎಷ್ಟು ಬಾರಿ ಆಡಿತು ಎಂಬ ಎಣಿಕೆಯಾಗಿಬಿಡುತ್ತದೆ. 2019ರಲ್ಲಿ ಸಂಕಲನದ ಆಸ್ಕರ್ ಪಡೆದ 'ಬೊಹೆಮಿಯನ್ ರಾಪ್ಸೊಡಿ'ಯ ಒಂದು ದೃಶ್ಯ ಪ್ರಶಸ್ತಿಯ ನಂತರ ಟೀಕೆಗೆ ಗುರಿಯಾದದ್ದು ನಿಮಗೆ ನೆನಪಿರಬಹುದು. ಮೇಜಿನ ಸುತ್ತ ಕುಳಿತವರ ಮಾತುಕತೆ, ಅಗತ್ಯವೇ ಇಲ್ಲದೆ ಮುಖದಿಂದ ಮುಖಕ್ಕೆ ಜಿಗಿಯುತ್ತಲೇ ಇರುವ ತುಣುಕುಗಳು.

ಅದಕ್ಕೆ ಎದುರಾಗಿ 'ದಿ ಫಾದರ್' ಇಟ್ಟು ನೋಡಿ. ನೆನಪು ಕಳೆದುಕೊಳ್ಳುತ್ತಿರುವ ಮುದುಕನೊಬ್ಬನ ಕಥೆ, ಬಹುಪಾಲು ಒಂದೇ ಮನೆಯೊಳಗೆ. ಕಥೆ ಸಾಗಿದಂತೆ ಆ ಮನೆಯ ಪೀಠೋಪಕರಣ, ಬಣ್ಣ, ಅಡುಗೆಮನೆ ಸದ್ದಿಲ್ಲದೆ ಬದಲಾಗುತ್ತವೆ. ಹಜಾರ ಅದೇ, ಬಾಗಿಲು ಅದೇ ಜಾಗದಲ್ಲಿದೆ, ಆದರೆ ಏನೋ ಮೊದಲಿನಂತಿಲ್ಲ. ನೋಡುವವರಿಗೆ ತಮ್ಮ ನೆನಪಿನ ಮೇಲೆಯೇ ಸಂಶಯ ಮೂಡುತ್ತದೆ, ಮತ್ತು ಆ ಸಂಶಯವೇ ಮುದುಕನ ಸ್ಥಿತಿ. ಕಲಾ ನಿರ್ದೇಶನ ಮತ್ತು ಸಂಕಲನ ಒಟ್ಟುಗೂಡಿ ಪಾತ್ರದ ಮನಸ್ಸಿನೊಳಗೆ ನಮ್ಮನ್ನು ಕೂರಿಸುವ ಇಂಥ ಕೆಲಸ ನನಗೆ ಗೊತ್ತಿರುವಂತೆ ಬಹಳ ಕಡಿಮೆ. ಆ ಎರಡು ವಿಭಾಗಗಳಲ್ಲಿ ಅದಕ್ಕೆ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಸಿಗಲಿಲ್ಲ. ಊಹೆಯ ಪಟ್ಟಿಯಲ್ಲಿ ಅದು ಎರಡು ಸೋಲು. ನೀವು ವಿಮರ್ಶೆ ಬರೆಯುವುದಾದರೆ ಎರಡು ಪುಟ ತುಂಬುವಷ್ಟು ವಿಷಯ.

ಹಾಗಾಗಿ ಚಿತ್ರ ನೋಡಿದ ದಿನವೇ, ಬೇರೆಯವರ ಅಭಿಪ್ರಾಯವಾಗಲೀ ಸಾಧ್ಯತೆಯ ಪಟ್ಟಿಗಳಾಗಲೀ ಕಣ್ಣಿಗೆ ಬೀಳುವ ಮೊದಲು ನಿಮ್ಮ ವಿಮರ್ಶೆ ಬರೆದು ಮುಗಿಸಿ. ಅಂಕ ಕೊಡುವ ಆತುರ ಬೇಡ. ಯಾವ ದೃಶ್ಯ ಮನಸ್ಸಿನಲ್ಲಿ ನಿಂತಿತು, ಅಲ್ಲಿ ಕ್ಯಾಮೆರಾ ಎಲ್ಲಿತ್ತು, ಯಾರ ಮುಖವನ್ನು ತೋರಿಸಲಿಲ್ಲ, ಸಂಗೀತ ಯಾವಾಗ ನಿಂತಿತು ಎಂದು ಬರೆಯಿರಿ. 'ಅದ್ಭುತ ಅಭಿನಯ' ಎಂದು ಬರೆಯುವ ಬದಲು ಆ ನಟ ಲೋಟವನ್ನು ಹೇಗೆ ಹಿಡಿದಿದ್ದ ಎಂದು ಬರೆದರೆ ಓದುವವರಿಗೆ ನಂಬಿಕೆ ಬರುತ್ತದೆ. ಊಹೆಯ ಪಟ್ಟಿ ಬೇರೆ ಹಾಳೆಯಲ್ಲಿರಲಿ, ಗಿಲ್ಡ್ ಫಲಿತಾಂಶಗಳು ಬಂದ ಮೇಲೆ ಅದನ್ನು ತುಂಬಿದರೂ ತಡವೇನಿಲ್ಲ.

ಎರಡೂ ಹಾಳೆಗಳು ಒಂದಾಗುವ ಜಾಗ ಒಂದಿದೆ: ಕಿರುಚಿತ್ರಗಳು. ಕಥಾಚಿತ್ರ, ಸಾಕ್ಷ್ಯಚಿತ್ರ, ಅನಿಮೇಷನ್ ಎಂದು ಮೂರು ವಿಭಾಗ, ಎಲ್ಲವೂ ಗರಿಷ್ಠ 40 ನಿಮಿಷದೊಳಗೆ. ಇವುಗಳಿಗೆ ಮುನ್ಸೂಚನೆ ಕೊಡುವ ಗಿಲ್ಡ್ ಪ್ರಶಸ್ತಿಗಳಿಲ್ಲವೆಂದೇ ಹೇಳಬೇಕು, ಪ್ರಚಾರದ ಅಬ್ಬರವೂ ಕಡಿಮೆ. 2026ರ ಆಸ್ಕರ್‌ನಿಂದ ಜಾರಿಗೆ ಬಂದ ನಿಯಮದಂತೆ ಒಂದು ವಿಭಾಗದಲ್ಲಿ ಅಂತಿಮ ಮತ ಹಾಕಲು ಅದರ ಎಲ್ಲ ಚಿತ್ರಗಳನ್ನೂ ನೋಡಿರಬೇಕು. ಅಂದರೆ ಮತದಾರರೂ ನಿಮ್ಮಂತೆಯೇ ಐದನ್ನೂ ನೋಡಿ, ಯಾವುದು ತಟ್ಟಿತೆಂದು ತಮ್ಮನ್ನೇ ಕೇಳಿಕೊಳ್ಳಬೇಕು. ದೊಡ್ಡ ವಿಭಾಗಗಳಲ್ಲಿ ಚಿತ್ರ ನೋಡದೆ ಗೆಲ್ಲುವ ಊಹೆಗಾರರು ಹೆಚ್ಚಾಗಿ ಅಂಕ ಕಳೆದುಕೊಳ್ಳುವುದು ಇಲ್ಲೇ. ಮುಂದಿನ ವರ್ಷ ನಾಮನಿರ್ದೇಶನಗಳು ಪ್ರಕಟವಾದಾಗ ಮೊದಲು ಈ ಹದಿನೈದು ಕಿರುಚಿತ್ರಗಳಿಂದ ಆರಂಭಿಸಿ, ಎಷ್ಟು ಸಿಗುತ್ತವೋ ಅಷ್ಟನ್ನು ನೋಡಿ. ಅಲ್ಲಿ ಮಾತ್ರ ನಿಮಗೆ ಅತ್ಯುತ್ತಮ ಎನಿಸಿದ ಚಿತ್ರದ ಹೆಸರನ್ನೇ ಊಹೆಯ ಹಾಳೆಯಲ್ಲೂ ಧೈರ್ಯವಾಗಿ ಬರೆಯಿರಿ.