ಒಂದೇ ದಾರಿ, ಎರಡು ಲೆಕ್ಕ

ಕಳೆದ ತಿಂಗಳು ಗೆಳೆಯನೊಬ್ಬನ ಜೊತೆ ಚಾರಣಕ್ಕೆ ಹೋಗಿದ್ದೆ. ಒಟ್ಟಿಗೇ ಹತ್ತಿದೆವು, ಒಟ್ಟಿಗೇ ಇಳಿದೆವು. ಕೆಳಗೆ ಬಂದು ಫೋನ್ ನೋಡಿದರೆ ನನ್ನದು 11.3 ಕಿಲೋಮೀಟರ್ ಅನ್ನುತ್ತಿದೆ, ಅವನದು 12.6. ಏರಿದ ಎತ್ತರದ ಲೆಕ್ಕ ಇನ್ನೂ ವಿಚಿತ್ರ. ನನಗೆ 540 ಮೀಟರ್, ಅವನಿಗೆ 790. "ನಿನ್ನ ಆ್ಯಪ್ ಸರಿಯಿಲ್ಲ, ನನ್ನದು ಹಾಕ್ಕೋ" ಎಂದ. ಆ್ಯಪ್ ಆರಿಸುವ ಮಾತೆಲ್ಲ ಹೀಗೇ ಶುರುವಾಗುತ್ತದೆ. ಒಂದು ನೋಡೋಕೆ ಚೆಂದ, ಇನ್ನೊಂದು ಪದಕ ಕೊಡುತ್ತದೆ, ಮತ್ತೊಂದರಲ್ಲಿ ಗೆಳೆಯರೆಲ್ಲ ಇದ್ದಾರೆ. ಅದು ದೂರವನ್ನು ಹೇಗೆ ಎಣಿಸುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೋ ಅದೊಂದೇ ಕುತೂಹಲ.

ನೀವು ನಡೆದ ದಾರಿ ಫೋನಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚುಕ್ಕಿಗಳು ಮಾತ್ರ. ಸೆಕೆಂಡಿಗೊಂದೋ ಹತ್ತು ಸೆಕೆಂಡಿಗೊಂದೋ ಚುಕ್ಕಿ ಇಡುತ್ತದೆ. ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ನೇರ ಗೆರೆ ಎಳೆದು ಉದ್ದ ಕೂಡಿಸುತ್ತದೆ. ಚುಕ್ಕಿಗಳು ದೂರ ದೂರ ಬಿದ್ದರೆ ತಿರುವುಗಳೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತವೆ, ನಡೆದದ್ದಕ್ಕಿಂತ ಕಡಿಮೆ ಬರುತ್ತದೆ.

ಹಾಗಾದರೆ ಹತ್ತಿರ ಹತ್ತಿರ ಇಟ್ಟರಾಯಿತಲ್ಲ? ಮಜಾ ಇರುವುದೇ ಇಲ್ಲಿ. ಚುಕ್ಕಿಯೂ ನೆಟ್ಟಗೆ ಬೀಳುವುದಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಹೊರಟ ಸಂಕೇತ ಎಷ್ಟು ಹೊತ್ತಿಗೆ ತಲುಪಿತು ಎಂಬುದರಿಂದಲೇ ಫೋನ್ ದೂರ ತಿಳಿಯಬೇಕು. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ತಪ್ಪಿದರೂ 30 ಸೆಂಟಿಮೀಟರ್ ಆಚೀಚೆ. ಸಂಕೇತ ಬಂಡೆಗೆ ಬಡಿದು ಸುತ್ತಿ ಬಂದರೆ, ದಟ್ಟ ಮರಗಳ ನಡುವೆ ಸೊರಗಿದರೆ, ಇನ್ನೂ ಜಾಸ್ತಿ. ಬಯಲಲ್ಲಿ ಫೋನ್ ಸುಮಾರು 5 ಮೀಟರ್ ತಪ್ಪುವುದು ಮಾಮೂಲಿ. (2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಆಗ ಈ ಜಗಳವೇ ಇರುತ್ತಿರಲಿಲ್ಲ, ಎಲ್ಲರದೂ ತಪ್ಪೇ.)

ಈಗ ಯೋಚಿಸಿ. ನೀವು ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ನಡೆಯುತ್ತೀರಿ. ಚುಕ್ಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತದೆ. ಎಡದ ತಪ್ಪು, ಬಲದ ತಪ್ಪು ಒಂದಕ್ಕೊಂದು ವಜಾ ಆಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಆಗುವುದಿಲ್ಲ. ಉದ್ದಕ್ಕೆ ಮೈನಸ್ ಇಲ್ಲ. ನಡುಗುವ ಕೈಯಲ್ಲಿ ಎಳೆದ ಗೆರೆ ನೇರ ಗೆರೆಗಿಂತ ಯಾವಾಗಲೂ ಉದ್ದವೇ. ಕುಡಿದವನು ರಸ್ತೆಯ ಎರಡೂ ಬದಿ ಮುಟ್ಟುತ್ತಾ ಮನೆ ಸೇರಿದರೆ ಅವನ ಚಪ್ಪಲಿ ಜಾಸ್ತಿ ಸವೆಯುತ್ತದೆ. ಅಂಕುಡೊಂಕಾಗಿ ಹೊಲಿದರೆ ಅದೇ ಬಟ್ಟೆಗೆ ಹೆಚ್ಚು ದಾರ ಬೇಕು. ಹನಿ ಹನಿ ಕೂಡಿ ಹಳ್ಳವಾಗುವ ಹಾಗೆ ಈ ಪುಟ್ಟ ಜಾರಾಟಗಳೇ ಕೂಡಿ ಅರ್ಧ ಕಿಲೋಮೀಟರ್ ಆಗಬಹುದು. ಸುಮ್ನೆ ಬಂಡೆ ಮೇಲೆ ಕೂತಿದ್ದರೂ ಚುಕ್ಕಿ ಅಲೆಯುತ್ತಲೇ ಇರುತ್ತದೆ. ಆ್ಯಪ್ ನಿಮ್ಮನ್ನು ಕೂತಲ್ಲೇ ನಡೆಸಿಬಿಡುತ್ತದೆ. ಅಕ್ಕಪಕ್ಕದ ಚುಕ್ಕಿಗಳು ಸಾಮಾನ್ಯವಾಗಿ ಒಂದೇ ಕಡೆಗೆ ತಪ್ಪುತ್ತವೆ, ಅದು ನಮ್ಮ ಪುಣ್ಯ. ಇಲ್ಲದಿದ್ದರೆ ಲೆಕ್ಕ ಇನ್ನೂ ಹದಗೆಡುತ್ತಿತ್ತು.

ಇದಕ್ಕೊಂದು ಹಳೆಯ ಕತೆಯಿದೆ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಹವಾಮಾನ ವಿಜ್ಞಾನಿ, ಜೊತೆಗೆ ಯುದ್ಧವಿರೋಧಿ. ಗಡಿಯ ಉದ್ದಕ್ಕೂ ಯುದ್ಧಕ್ಕೂ ನಂಟಿದೆಯೇ ಎಂದು ಹುಡುಕುತ್ತಿದ್ದರು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿಗೆ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214 ಕಿಲೋಮೀಟರ್ ಎಂಬ ಲೆಕ್ಕ ಸಿಕ್ಕಿತು. ಯಾರೂ ಸುಳ್ಳು ಹೇಳಿರಲಿಲ್ಲ. ಅಳತೆಗೋಲು ಚಿಕ್ಕದಾದಷ್ಟೂ ಸಣ್ಣ ಸಣ್ಣ ಕೊಂಕುಗಳು ಲೆಕ್ಕಕ್ಕೆ ಬರುತ್ತವೆ, ಉದ್ದ ಬೆಳೆಯುತ್ತದೆ. ಅವರು ತೀರಿಹೋದ ಮೇಲೆ, 1961ರಲ್ಲಿ ಇದು ಅಚ್ಚಾಯಿತು. 1967ರಲ್ಲಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಬ್ರಿಟನ್ನಿನ ಕರಾವಳಿಯ ಉದ್ದವೆಷ್ಟು ಎಂದು ಕೇಳಿ ಇದನ್ನು ಜಗತ್ಪ್ರಸಿದ್ಧ ಮಾಡಿದರು. ನನ್ನ ಗೆಳೆಯನದೂ ನನ್ನದೂ ಅದೇ ಗಡಿ ಜಗಳ.

ಎತ್ತರದ್ದು ಇನ್ನೂ ಫಜೀತಿ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುತ್ತವೆ. ಕಾಲ ಕೆಳಗಿನವನ್ನು ಭೂಮಿಯೇ ಮರೆಮಾಡುತ್ತದೆ. ಹಾಗಾಗಿ ಮೇಲೆ-ಕೆಳಗಿನ ತಪ್ಪು ಆಚೀಚಿನ ತಪ್ಪಿಗಿಂತ ಜಾಸ್ತಿ. ಸಮತಟ್ಟು ನೆಲದಲ್ಲಿ ಚುಕ್ಕಿ ಮೂರು ಮೀಟರ್ ಏರಿ ಮೂರು ಮೀಟರ್ ಇಳಿದರೆ, ಆ ಏರಿಕೆಯೂ ನಿಮ್ಮ ಖಾತೆಗೆ ಜಮಾ. ಕಡ್ಡಿಯನ್ನು ಗುಡ್ಡ ಮಾಡುವುದು ಅಂದರೆ ಇದೇ. ಕೆಲವು ಫೋನು, ಗಡಿಯಾರಗಳಲ್ಲಿ ವಾಯುಭಾರ ಮಾಪಕ ಇರುತ್ತದೆ. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಏರಿದರೆ ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಆ ಲೆಕ್ಕವೇ ವಾಸಿ. ಆದರೆ ಮಳೆಗಾಲದ ಮೋಡ ಕವಿದರೂ ಒತ್ತಡ ಇಳಿಯುತ್ತದೆ, ನೀವು ಬೆಟ್ಟ ಹತ್ತಿದಿರಿ ಎಂದು ಅದು ನಂಬಿಬಿಡುತ್ತದೆ.

"ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಸತ್ತಂತೆ" ಎಂಬ ಮಾತು ಕೇಳಿದರೆ ನನಗೆ ತಾಳ್ಮೆ ಹೋಗುತ್ತದೆ. ಓದಿದವರೂ ಹೇಳುತ್ತಾರೆ. ಫೋನ್ ಜಿಪಿಎಸ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ರೇಡಿಯೋದಂತೆ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ನೆಟ್‌ವರ್ಕ್ ಇದ್ದರೆ ಮೊದಲ ಚುಕ್ಕಿ ಬೇಗ ಸಿಗುತ್ತದೆ, ಅಷ್ಟೇ. ಇಲ್ಲದಾಗುವುದು ನಕ್ಷೆ. ಖಾಲಿ ಪರದೆಯ ಮೇಲೆ ನೀಲಿ ಚುಕ್ಕಿಯೊಂದೇ ನಿಂತಿರುತ್ತದೆ. ಹಾಗಾಗಿ ಚಾರಣದ ಆ್ಯಪ್‌ನಲ್ಲಿ ನಾನು ಮೊದಲು ಹುಡುಕುವುದು ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳುವ ಸೌಲಭ್ಯ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳೂ ಇರಬೇಕು. ಕಾಡಿನೊಳಗೆ ಟವರ್ ಹುಡುಕುತ್ತಾ ಫೋನ್ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಈಗಿನ ಫೋನುಗಳಲ್ಲಿ ಜಿಪಿಎಸ್ ಆಗಲೂ ನಡೆಯುತ್ತದೆ.

ದಾರಿ ಹುಡುಕುವ ಆ್ಯಪ್‌ಗಳು ಬಹಳ ಮಟ್ಟಿಗೆ ಜನರ ಹೆಜ್ಜೆಗಳನ್ನೇ ನಂಬುತ್ತವೆ. ಅನೇಕ ಆ್ಯಪ್‌ಗಳ ತಳದಲ್ಲಿರುವುದು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್, ಸ್ವಯಂಸೇವಕರು ಬರೆದ ನಕ್ಷೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾದಂಥ ಆ್ಯಪ್‌ಗಳು ಎಲ್ಲರ ಓಡಾಟ ಕೂಡಿಸಿ ಹೊಳೆಯುವ ಗೆರೆಗಳನ್ನು ತೋರಿಸುತ್ತವೆ. 2018ರ ಜನವರಿಯಲ್ಲಿ ಆ ಗೆರೆಗಳು ಮರುಭೂಮಿಯ ಸೇನಾ ನೆಲೆಗಳನ್ನೂ ಬಯಲು ಮಾಡಿದವು. ಸೈನಿಕರೂ ವ್ಯಾಯಾಮ ಲೆಕ್ಕ ಇಡುತ್ತಾರಲ್ಲ! ದಾರಿ ತಪ್ಪಿದವರ ಹೆಜ್ಜೆಯೂ ಅಲ್ಲಿ ಹೊಳೆಯುತ್ತದೆ, ಅದನ್ನು ಮರೆಯಬೇಡಿ. ಆ್ಯಪ್ ಹೇಳುವ ಸಮಯವನ್ನೂ ಪೂರಾ ನಂಬಬೇಡಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಹೇಳಿದ ಸೂತ್ರ ಇವತ್ತಿಗೂ ಕೈಕೊಡುವುದಿಲ್ಲ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಇನ್ನೊಂದು. ಬ್ಯಾಟರಿಯೂ ಬೇಡ.

ಕ್ಯಾಲೊರಿ ಬಗ್ಗೆ ಒಂದೇ ಮಾತು. 2017ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು ಕ್ಯಾಲೊರಿ ಎಣಿಸುವ ಏಳು ಕೈಪಟ್ಟಿಗಳನ್ನು ಪರೀಕ್ಷಿಸಿದಾಗ, ಅತ್ಯುತ್ತಮವಾದದ್ದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಂತ್ರವೂ 1960ರ ದಶಕದ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ವ್ಯಾಯಾಮದ ಆ್ಯಪ್ ಯಾವುದಾದರೂ ಇರಲಿ, ಪದೇ ಪದೇ ಬದಲಿಸಬೇಡಿ. ಒಂದೇ ಕೋಲಿನಲ್ಲಿ ಅಳೆದರೆ ಕೋಲು ಡೊಂಕಾಗಿದ್ದರೂ ಹೋದ ತಿಂಗಳಿಗಿಂತ ಈ ತಿಂಗಳು ಹೇಗೆ ಅಂತ ತಿಳಿಯುತ್ತದೆ. ಬಿಟ್ಟುಹೋಗುವಾಗ ನಿಮ್ಮ ಚುಕ್ಕಿಗಳನ್ನು ಬೇರೆ ಆ್ಯಪ್‌ಗಳೂ ಓದಬಲ್ಲ ಜಿಪಿಎಕ್ಸ್ ಫೈಲ್ ಆಗಿ ಕೊಡುವ ಆ್ಯಪ್ ಆದರೆ ಸಾಕು.

ನಾವೂ ಅದನ್ನೇ ಮಾಡಿದೆವು. ಇಬ್ಬರ ಫೈಲ್‌ಗಳನ್ನೂ ಮೂರನೆಯ ಆ್ಯಪ್‌ಗೆ ಹಾಕಿದಾಗ 11.6, 11.9 ಬಂತು. ದೂರದ ಬಗ್ಗೆ ರಾಜಿಯಾಯಿತು. ಏರಿಕೆಯಲ್ಲಿ ಮಾತ್ರ ಅವನು ತನ್ನ 790 ಮೀಟರ್ ಬಿಟ್ಟುಕೊಡಲು ಇನ್ನೂ ಒಪ್ಪಿಲ್ಲ.